ಮೊನೆ ಒಳಕ್ಕೆ ತಿರುಗಿದ ಗಾಳ

ಬೆಳಗ್ಗೆ ನೀರುಗಂಟಿ ಹುಚ್ಚಯ್ಯ ಬಂದು ಹೊಸ್ತಿಲ ಆಚೆಯೇ ನಿಂತು ಹೇಳಿದ: "ನಾಳೆ ಹೊತ್ತು ಹುಟ್ಟೋಕ್ ಮುಂಚೆ ತೂಬು ಎತ್ತತೀವಿ. ಕೆಳಗಡೆ ಗದ್ದೆಯೋರು ಇನ್ನು ಕಾಯಲ್ಲ ಅಂದವ್ರೆ. ಏನ್ ಮಾಡ್ಕೊತೀರೋ ಇವತ್ತೊಂದಿನ ಮಾಡ್ಕೊಳಿ." ನಂಜುಂಡ ಭಾವ ಒಳಗಿನಿಂದ ಓಡಿ ಬರುವಷ್ಟರಲ್ಲಿ ಅವನು ಬೀದಿ ದಾಟಿದ್ದ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದ ಅಕ್ಕನಿಗೂ ಅದು ಕೇಳಿಸಿತ್ತು. ಅವಳ ಕೈ ನಿಲ್ಲಲಿಲ್ಲ. ಆದರೆ ಆ ರೊಟ್ಟಿ ಹೆಂಚಿನ ಮೇಲೆ ಕರಿಯಾಗುವವರೆಗೂ ಅವಳು ಅದನ್ನು ಮಗುಚಲಿಲ್ಲ.

ತೂಬು ಎತ್ತಿದರೆ ಕೆರೆಯ ನಡುಮಟ್ಟದಲ್ಲಿ ತಿರುಗುವ ಮೀನುಗಳು ನೀರಿನ ಜೊತೆ ಕೆಳಗಿನ ಹೊಳೆಗೆ ಹೋಗುತ್ತವೆ. ಹೊಳೆಗೆ ಹೋದದ್ದನ್ನು ಹಿಡಿದು ತಂದವರು ನಮ್ಮೂರಲ್ಲಿ ಯಾರೂ ಇಲ್ಲ. ಅಕ್ಕನ ದನಿ ಅಂಥ ಒಂದು ಬಾಳೆಮೀನಿನ ಹೊಟ್ಟೆಯಲ್ಲಿತ್ತು.

ನಮ್ಮೂರಲ್ಲಿ ಕೆರೆ ಏರಿಯ ಮೇಲೆ ಯಾರೂ ದನಿ ಎತ್ತಿ ಮಾತಾಡುವುದಿಲ್ಲ. ಬಟ್ಟೆ ಒಗೆಯುವವರು ಕಲ್ಲಿನ ಮೇಲೆ ಎಷ್ಟು ಬೇಕಾದರೂ ಸದ್ದು ಮಾಡುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ದನ ಕಾಯುವವರು ಎಮ್ಮೆಯನ್ನು ಹೆಸರು ಹಿಡಿದು ಕರೆಯದೆ ಸಿಳ್ಳೆ ಹಾಕುತ್ತಾರೆ. ಕೂಸುಗಳನ್ನು ಎತ್ತಿಕೊಂಡು ದಾಟುವ ತಾಯಂದಿರು ಅವುಗಳ ಬಾಯಿಗೆ ಬೆಲ್ಲದ ಚೂರು ಇಡುತ್ತಾರೆ. ಏರಿಯ ಮೇಲೆ ಬಸ್ಸು ಹೋಗುವಾಗ ಕಂಡಕ್ಟರು ಟಿಕೆಟ್ ಕೇಳುವುದಿಲ್ಲ. ಅಲ್ಲಿ ಹತ್ತಿದವರಿಗೆ ಅಷ್ಟು ದೂರ ಪುಕ್ಕಟೆ. ಇಷ್ಟಾದರೂ ವರ್ಷಕ್ಕೆ ಒಬ್ಬಿಬ್ಬರು ಮರೆತು ಕೂಗುತ್ತಾರೆ, ಕೂಗಿದವರ ದನಿ ಹೆಚ್ಚಿನ ಸಲ ನೀರಿಗೆ ಬೀಳುತ್ತದೆ. ಬಿದ್ದದ್ದನ್ನು ಬಾಳೆಮೀನು ನುಂಗುತ್ತದೆ. ದನಿ ನುಂಗಿದ ಮೀನು ಉಳಿದವುಗಳ ಹಾಗೆ ತಳದ ಕೆಸರಿನಲ್ಲಿ ಮಲಗಲಾರದೆ, ಹಗುರವಾಗಿ ಮೇಲಕ್ಕೆ ಬಂದು, ದನಿ ಬಿದ್ದ ಜಾಗದ ಸುತ್ತಲೇ ಮೀಸೆ ಇಳಿಬಿಟ್ಟುಕೊಂಡು ಸುತ್ತುತ್ತದೆ. ಅದನ್ನು ಹಿಡಿಯಲು ತಳಕ್ಕೆ ಬಿಡುವ ಗಾಳದಿಂದ ಪ್ರಯೋಜನವಿಲ್ಲ. ಬೆಂಡು ಕಟ್ಟಿ ತೇಲಿಬಿಟ್ಟ ಗಾಳವೇ ಆಗಬೇಕು. ಅದೂ ಅಂಗಡಿಯದಲ್ಲ, ದನಿ ಬೀಳುವಾಗ ಕೇಳಿಸಿಕೊಂಡವರು ಕೈಯಾರೆ ಮಾಡಿದ್ದು.

ಅಕ್ಕನದನ್ನು ಕೇಳಿಸಿಕೊಂಡವರು ಇಬ್ಬರೇ, ಭಾವ ಮತ್ತು ನಾನು.

ಅಕ್ಕನ ಹೆಸರು ಸುಕನ್ಯಾ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದವಳು ಅವಳೇ. ದನಿ ಹೋದ ಮೇಲೆ ಕಂಟ್ರೋಲರು ಅವಳ ಕುರ್ಚಿಯ ಪಕ್ಕ ಒಂದು ಗಂಟೆ ತೂಗುಹಾಕಿದ. ಅವಳು ಗಂಟೆ ಹೊಡೆಯುತ್ತಾಳೆ, ಜನ ತಪ್ಪು ಬಸ್ಸು ಹತ್ತುತ್ತಾರೆ. ದನಿ ಇದ್ದಾಗ, ದಿನವೆಲ್ಲ ಊರಿಗೇ ಕೇಳುವಂತೆ ಮಾತಾಡಿ ಬಂದವಳಿಗೆ ಮನೆಯಲ್ಲಿ ಸಿಗುತ್ತಿದ್ದವರು ನಾವಿಬ್ಬರು. ಗ್ಯಾರೇಜು ಇಟ್ಟುಕೊಂಡಿರುವ ಭಾವ ಏನೋ ಒಂದು ಮುನಿಸಿಗೆ ಎರಡು ತಿಂಗಳಿಂದ ಅವಳ ಜೊತೆ ಮಾತು ಬಿಟ್ಟಿದ್ದ. ಆ ಕಾರಣ ಅವನಿಗೂ ಮರೆತಿತ್ತೇನೋ. ನಾನು ಪದವಿ ಮುಗಿಸಿ ಅವರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ನನಗೆ ಮೌನ ಇಷ್ಟ. ಭಾವನ ಮೌನವನ್ನು ಗಾಂಭೀರ್ಯ ಎಂದುಕೊಂಡಿದ್ದೆ. ಊಟಕ್ಕೆ ಕೂತಾಗ ಅಕ್ಕ ಸಾರಿಗೆ ಉಪ್ಪು ಸರಿಯಿದೆಯೇ ಎಂದು ನಮ್ಮಿಬ್ಬರನ್ನೂ ಕೇಳಿ, ಸ್ವಲ್ಪ ಕಾದು, ಸರಿಯಿದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

ತಿಂಗಳ ಹಿಂದೆ ಒಂದು ಸಂಜೆ ಮೂವರೂ ಏರಿಯ ಮೇಲೆ ಬರುತ್ತಿದ್ದೆವು. ಅವಳು ಇದ್ದಕ್ಕಿದ್ದಂತೆ ನಿಂತು, ಭಾವನ ಕಡೆ ತಿರುಗಿ, ಮೈಕು ಬೇಡದಷ್ಟು ಗಟ್ಟಿಯಾಗಿ, "ನೀವು ಹಿಂಗೇ ಮಾತಾಡ್ದೆ ಇದ್ರೆ ನಾನು..." ಎಂದಳು. ಅಲ್ಲಿಂದ ಮುಂದೆ ತುಟಿ ಮಾತ್ರ ಆಡಿತು. ಕೆಳಗೆ ನೀರಿನಲ್ಲಿ ಒಂದು ಉಂಗುರ ಎದ್ದು ಅಗಲವಾಯಿತು.

ನಾನು ಏನು? ತವರಿಗೆ ಹೋಗುತ್ತೇನೆ ಎಂದಳೋ, ಕೆರೆಗೆ ಹಾರುತ್ತೇನೆ ಎಂದಳೋ, ನಾನೂ ಮಾತು ಬಿಡುತ್ತೇನೆ ಎಂದಳೋ. ಬರೆದು ತೋರಿಸು ಎಂದು ಭಾವ ಸ್ಲೇಟು ತಂದುಕೊಟ್ಟ. ಅವಳು ಅದರ ಮೇಲೆ ಸೊಪ್ಪು ಹೆಚ್ಚಿದಳು. ಅವತ್ತಿನಿಂದ ಭಾವನಿಗೆ ಬಾಯಿ ಬಂತು. ಗ್ಯಾರೇಜಿನ ಸುದ್ದಿ, ಟೈರಿನ ಸುದ್ದಿ, ಸತ್ತವರ ಸುದ್ದಿ, ಏನೆಂದರೆ ಅದು. ಮನೆ ತುಂಬ ಅವನದೇ ಮಾತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ತಿಳಿಯದೆ ಇನ್ನಷ್ಟು ಮಾತಾಡುತ್ತಿದ್ದ. ನೀರಿಗೆ ಬಿದ್ದ ವಾಕ್ಯದ ಉಳಿದ ಅರ್ಧಕ್ಕೆ ಅವನು ಹೆದರಿದ್ದ. ಹಾಗಾಗಿ ಅವನ ಗಾಳವನ್ನು ನಾನು ನಂಬಲಿಲ್ಲ.

ಅದು ಹಳೆಯ ಸೈಕಲ್ ಕಡ್ಡಿಯಿಂದ ಮಾಡಿದ್ದು. ನನ್ನ ತೋರುಬೆರಳಿನಷ್ಟು ಉದ್ದ, ಕಚ್ಚಿದ್ದು ಜಾರದಂತೆ ಮೊನೆಯ ಹಿಂದೆ ಎರಡು ಮುಳ್ಳು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ತೆಗೆದಿದ್ದ. ಬಚ್ಚಲ ಹತ್ತಿರ ಬಕೆಟ್ಟಿಗೆ ನೀರು ತುಂಬಿಸಿಕೊಂಡು ಬೆಂಡುಗಳನ್ನು ನೋಡುತ್ತಿದ್ದ ನನ್ನೆದುರು ಅದನ್ನು ಹಿಡಿದು, "ಇದು ಹಿಡಿದ್ರೆ ಬಿಡೋ ಮಾತೇ ಇಲ್ಲ ಯೋಗಿ, ಲಾರಿ ಎಳೆದ್ರೂ ಬರ್ತದೆ" ಎಂದ.

"ನಾವು ಲಾರಿ ಹಿಡಿಯಕ್ ಹೋಗ್ತಿಲ್ಲ ಭಾವ. ಇದು ಗಂಟಲಿಗೆ ಇಳಿದ್ರೆ? ಮರಿಯಪ್ಪನ್ನ ನೋಡಿಲ್ವಾ ನೀವು?"

ಟೈಲರ್ ಮರಿಯಪ್ಪನ ದನಿ ನುಂಗಿದ ಮೀನು ಗಾಳವನ್ನು ಕರುಳಿನವರೆಗೆ ನುಂಗಿಬಿಟ್ಟಿತ್ತು. ಕಿತ್ತು ತೆಗೆದಾಗ ದನಿ ಹರಿದು ಬಂತು. ಈಗ ಅವನು ಏನು ಹೇಳಿದರೂ ತೂತು ಬಿದ್ದ ಕೊಳವೆಯಿಂದ ಗಾಳಿ ಬಂದ ಹಾಗೆ. ಟೀ ಬೇಕಾದರೂ ಬೆರಳು ತೋರಿಸುತ್ತಾನೆ. ಮೀನು ಸತ್ತುಹೋದರಂತೂ ಅಷ್ಟೂ ಇಲ್ಲ.

ನನ್ನ ಗಾಳ ದಬ್ಬಣದ್ದು. ಮೇಣದ ಬತ್ತಿಯ ಉರಿಯಲ್ಲಿ ಕಾಯಿಸಿ ಬಗ್ಗಿಸಿದ್ದೆ, ಮುಳ್ಳು ಇರಲಿಲ್ಲ. ಬಾಯಿಗೆ ಗಾಯವಾಗದ ಹಾಗೆ ಬಿಡಿಸಬಹುದು. ಇಂಥವನ್ನು ಈ ತಿಂಗಳಲ್ಲಿ ಹಲವು ಮಾಡಿದ್ದೆ. ಜೊಂಡಿಗೆ ಸಿಕ್ಕಿ, ಆಮೆ ಕಚ್ಚಿ, ಉಳಿದದ್ದು ಇದೊಂದೇ. ಭಾವ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದ್ರಲ್ಲಿ ಗುಂಡಿ ಹೊಲೀಬಹುದು" ಎಂದ.

ಬೆಂಡಿನ ವಿಷಯದಲ್ಲಿ ಮಾತ್ರ ಜಗಳವಾಗಲಿಲ್ಲ. ಹವಾಯಿ ಚಪ್ಪಲಿಯ ತುಂಡು ಓರೆಯಾಗಿ ಮಲಗುತ್ತಿತ್ತು. ಥರ್ಮಾಕೋಲು ಸಣ್ಣ ಅಲೆಗೂ ಕುಣಿಯುತ್ತದೆ, ಕಚ್ಚಿದ್ದು ಮೀನೋ ಗಾಳಿಯೋ ತಿಳಿಯುವುದಿಲ್ಲ. ಭಾವ ತಂದಿದ್ದ ಖಾಲಿ ಆಯಿಲ್ ಡಬ್ಬಿಯನ್ನು ಎಳೆದುಕೊಂಡು ಮುಳುಗುವುದು ಮೀನಿಗೆ ಕಷ್ಟ. ಎಳೆತ ಗೊತ್ತಾದ ಕೂಡಲೇ ಬಾಯಿ ಬಿಟ್ಟುಬಿಡುತ್ತದೆ. ಕೊನೆಗೆ ಒಣಗಿದ ಕತ್ತಾಳೆ ಬೊಂಬಿನ ತುಂಡನ್ನು ಬ್ಲೇಡಿನಿಂದ ಹೆರೆದು, ನೀರು ಕುಡಿಯದಂತೆ ಮೇಣ ಉಜ್ಜಿದೆ. ಕೆಳಗೆ ಸೀಸದ ಗುಂಡು ಕಟ್ಟಿ ಬಕೆಟ್ಟಿಗೆ ಬಿಟ್ಟಾಗ ಅದು ನೆಟ್ಟಗೆ ನಿಂತು, ಉಗುರಿನಷ್ಟು ತಲೆ ಮಾತ್ರ ಮೇಲಿಟ್ಟುಕೊಂಡಿತು. ಅಕ್ಕ ಬಂದು ನೋಡಿದಳು. ಬೆರಳ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿದಳು. ಅದು ಸದ್ದಿಲ್ಲದೆ ಇಳಿದು ಸದ್ದಿಲ್ಲದೆ ಎದ್ದಿತು. ಅವಳು ತಲೆಯಾಡಿಸಿದಳು.

ಗಾಳ ಯಾವುದು ಎಂದು ಕೇಳಿದ್ದಕ್ಕೆ ಎರಡನ್ನೂ ನೋಡಿದಳು. ಯಾವುದಕ್ಕೂ ತಲೆಯಾಡಿಸಲಿಲ್ಲ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಏರಿಯ ಮೇಲೆ ಕೂತಿದ್ದೆವು. ತೂಬಿನ ಕಲ್ಲಿನ ಮೇಲೆ ಹುಚ್ಚಯ್ಯ ಬೀಡಿ ಹಚ್ಚಿಕೊಂಡು ಕೂತಿದ್ದ. ಒಂದೇ ಮೀನಿಗೆ ಎರಡು ಬೆಂಡು ಬಿಟ್ಟರೆ ಅದು ಎರಡನ್ನೂ ಬಿಟ್ಟು ಹೋಗುತ್ತದೆ, ಆದ್ದರಿಂದ ಮೊದಲು ನನ್ನ ಗಾಳ ಎಂದು ತೀರ್ಮಾನವಾಗಿತ್ತು. ಬಿಸಿಲಿಗೆ ಇಟ್ಟು ನಾತ ಬರಿಸಿದ ಕೋಳಿ ಕರುಳನ್ನು ಚುಚ್ಚಿ, ಬಿದಿರ ಕೋಲು ಬೀಸಿ, ಜೊಂಡಿನ ಆಚೆಗೆ ಬಿಟ್ಟೆ. ಬೆಂಡು ನೆಟ್ಟಗೆ ನಿಂತಿತು. ನಾವು ಅದನ್ನೇ ನೋಡುತ್ತ ಕೂತೆವು. ಇಂಥ ಮೌನದಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಲ್ಲೆ ಎಂದು ನಾನು ಅಂದುಕೊಂಡಿದ್ದವನು. ಅವತ್ತು ಪಕ್ಕದಲ್ಲಿ ಅಕ್ಕನ ಉಸಿರಾಟ ಕೇಳಿಸುತ್ತಿತ್ತು, ಅದರಲ್ಲಿ ದನಿ ಇರಲಿಲ್ಲ. ನಾನು ಕೋಲನ್ನು ಕೈ ಬದಲಿಸಿ ಹಿಡಿದೆ.

ಬೆಂಡು ಒಂದು ಸಲ ಅಲುಗಿತು. ಎರಡು ಉದ್ದನೆಯ ಮೀಸೆಗಳು ನೀರಿನ ಅಡಿಯಲ್ಲಿ ನೆರಳಿನಂತೆ ಹಾದುಹೋದವು.

"ಬಂತು," ಭಾವ ಪಿಸುಗುಟ್ಟಿದ. "ಎಳಿ."

"ತಾಳಿ ಭಾವ."

"ಎಳೀಲಾ ಅಂದ್ರೆ!"

ಬೆಂಡು ಮುಳುಗಿತು. ನಮ್ಮೂರಲ್ಲಿ ಎಲ್ಲರೂ ಮಾಡುವಂತೆ ನಾನೂ ಕೋಲನ್ನು ಜಗ್ಗಿ ಎತ್ತಿದೆ. ಒಂದು ಗಳಿಗೆ ಕೋಲು ಬಿಲ್ಲಿನಂತೆ ಬಾಗಿತು. ಕಪ್ಪು ಬೆನ್ನೊಂದು ನೀರನ್ನು ಸೀಳಿ ಹೊರಳಿತು. ಆಮೇಲೆ ದಾರ ಸಡಿಲಾಯಿತು. ಎಳೆದುಕೊಂಡು ನೋಡಿದರೆ ದಬ್ಬಣ ಮತ್ತೆ ದಬ್ಬಣವಾಗಿತ್ತು, ನೆಟ್ಟಗೆ.

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೂಗು ಹೊರಡದ ಬಾಯಿಯನ್ನೂ ಅವಳು ಅಭ್ಯಾಸಬಲದಿಂದ ಮುಚ್ಚಿಕೊಂಡಿದ್ದಳು.

"ಒಂದ್ಸಲ ಚುಚ್ಚಿಸ್ಕೊಂಡದ್ದು ಕತ್ತಲಾಯ್ತಿದ್ದಂಗೇ ತೂಬಿನ್ ಕಡೆ ಹೋಯ್ತದೆ ಕಣಪ್ಪ," ಹುಚ್ಚಯ್ಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಅಲ್ಲೀಗಂಟ ಇಲ್ಲೇ ಇರ್ತದೆ. ಏನ್ ಓದಿದ್ಯೋ ಏನೋ, ಮೀನು ಹಿಡಿಯೋದ್ ಬುಟ್ಟು."

"ನಿನ್ ಕೆಲ್ಸ ನೋಡ್ಕೊ ಹುಚ್ಚಯ್ಯ," ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದ. ಅಷ್ಟರಲ್ಲಿ ಅವನು ತನ್ನ ಗಾಳವನ್ನು ದಾರಕ್ಕೆ ಕಟ್ಟತೊಡಗಿದ್ದ. ನಾನು ಅವನ ಕೈ ಹಿಡಿದೆ.

"ಮುಳ್ಳು ತೆಗೀರಿ. ಇಕ್ಕಳ ಇದೆಯಲ್ಲ, ಅದನ್ನ ಒತ್ತಿ ಮುರೀರಿ."

"ಮುಳ್ಳಿಲ್ದೆ ಮತ್ತೆ ಜಾರ್‍ತದೆ. ನಿಂದು ಜಾರ್‍ಲಿಲ್ವಾ?"

"ಮುಳ್ಳಿದ್ರೆ ಗಂಟ್ಲು ಹರೀತದೆ. ನಿಮ್ಗೇನು, ಹರಿದ್ರೆ ಒಳ್ಳೇದೇ ಆಯ್ತು. ಅವಳು ಹೇಳಿದ್ದು ಯಾರ್‍ಗೂ ತಿಳಿಯಲ್ಲ."

ಅದು ನನ್ನ ಬಾಯಿಂದ ಬಂದುಹೋಯಿತು. ಭಾವ ನನ್ನನ್ನೇ ನೋಡಿದ. ಅವನ ಮುಖದ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. "ತಿಂಗ್ಳಿಂದ ಗ್ಯಾರೇಜಿನ ಬಾಗ್ಲು ಹಾಕ್ಕೊಂಡು ಇದನ್ನೇ ಕಾಯಿಸ್ತಾ ಕೂತಿದೀನಿ ಕಣೋ ನಾನು," ಎಂದು ಉಸಿರಿನಲ್ಲೇ ಹೇಳಿ ಇಕ್ಕಳ ತೆಗೆದ. ಮುಳ್ಳುಗಳನ್ನು ಒಂದೊಂದಾಗಿ ಒತ್ತಿ ಮುರಿದ. ಎರಡನೆಯದನ್ನು ಮುರಿಯುವಾಗ ಮೊನೆಯೂ ಹೋಗುತ್ತದೆಂದು ನಾನು ಕೈ ಹಾಕಿದೆ. ಅವನು ಬಿಡು ಎಂದು ಎಳೆದ. ನಾನು ಬಿಡಲಿಲ್ಲ. ಇಬ್ಬರೂ ಪಿಸುಪಿಸು ಬೈದಾಡುತ್ತ ಒಂದೇ ಇಕ್ಕಳವನ್ನು ಹಿಡಿದು ಜಗ್ಗಾಡಿದೆವು. ಕೈಗಳು ಬಿಡಿಸಿಕೊಂಡಾಗ ಎರಡನೆಯ ಮುಳ್ಳೂ ಹೋಗಿತ್ತು, ಗಾಳ ಮುರಿದಿರಲಿಲ್ಲ. ಆದರೆ ಮೊನೆ ತಿರುಚಿಕೊಂಡು ಒಳಗಡೆಗೆ, ಕಡ್ಡಿಯ ಕಡೆಗೆ ಬಾಗಿತ್ತು. ಹಸುವಿನ ಕೊಂಬು ತನ್ನ ಕಣ್ಣಿಗೇ ತಿರುಗಿದ ಹಾಗೆ.

ನೇರ ಮಾಡಲು ಬಿಸಿ ಮಾಡಬೇಕು. ಬಿಸಿ ಮಾಡಲು ಗ್ಯಾರೇಜಿಗೆ ಹೋಗಬೇಕು. ಬಿಸಿಲು ಆಗಲೇ ನೀರಿನ ಮೇಲೆ ಹಳದಿಯಾಗಿತ್ತು.

"ಕೆಡಿಸಿದ್ರಲ್ಲಪ್ಪ," ಎಂದ ಹುಚ್ಚಯ್ಯ. "ಆ ಮೊನೆ ಯಾರಿಗ್ ಚುಚ್ಚಬೇಕು ಈಗ, ತನಗೆ ತಾನೇನಾ?"

ಅಕ್ಕ ನಮ್ಮ ನಡುವಿನಿಂದ ಕೈ ಚಾಚಿ ಅದನ್ನು ತೆಗೆದುಕೊಂಡಳು. ಹೆಬ್ಬೆರಳನ್ನು ಗಾಳದ ಬಳಸಿನೊಳಗೆ ತೂರಿಸಿ ಹೊರಕ್ಕೆ ಎಳೆದು ನೋಡಿದಳು. ನೇರ ಎಳೆದಾಗ ಬೆರಳು ಜಾರಿ ಬಂತು. ಸುಮ್ಮನೆ ಓರೆಗೆ ಸರಿಸಿದಾಗ ಮೊನೆ ಬೆರಳಿನ ಅಂಚನ್ನು ಹಿಡಿದು ನಿಂತಿತು. ಒಂದು ಹನಿ ರಕ್ತ ಬಂತು. ಅವಳು ಬೆರಳನ್ನು ಒಮ್ಮೆ ಚೀಪಿ, ನನ್ನ ಬೆಂಡಿನ ಕೆಳಗೆ ಆ ಗಾಳವನ್ನು ತಾನೇ ಕಟ್ಟಿದಳು. ಕೋಲನ್ನು ಬದಿಗೆ ತಳ್ಳಿದಳು. ಉಳಿದ ಕರುಳನ್ನು ಚುಚ್ಚಿ, ದಾರವನ್ನು ಕೈಯಿಂದಲೇ ಬೀಸಿ ಬಿಟ್ಟು, ಮಿಕ್ಕ ಸುರುಳಿಯನ್ನು ಪಕ್ಕದಲ್ಲಿಟ್ಟು, ದಾರವನ್ನು ಎರಡು ಬೆರಳಲ್ಲಿ ಹಿಡಿದಳು. ಆಮೇಲೆ ನಮ್ಮ ಕಡೆ ತಿರುಗಿ, ನಮ್ಮಿಬ್ಬರ ಕೈಗಳನ್ನೂ ಒಂದೊಂದಾಗಿ ಎತ್ತಿ ನಮ್ಮ ನಮ್ಮ ಮಡಿಲಲ್ಲೇ ಇಟ್ಟಳು.

ಸೂರ್ಯ ಆಚೆ ದಂಡೆಯ ಮರಗಳಿಗೆ ತಾಗಿದ. ಬೆಂಡಿನ ತಲೆ ಒಂದು ಚುಕ್ಕಿಯಾಗಿ ಉಳಿಯಿತು. ನನ್ನ ಕಣ್ಣು ಉರಿಯುತ್ತಿತ್ತು, ರೆಪ್ಪೆ ಬಡಿಯಲು ಹೆದರಿಕೆ.

ಚುಕ್ಕಿ ಕಾಣೆಯಾಯಿತು.

ಭಾವನ ಭುಜ ತಾನಾಗಿ ಮುಂದಕ್ಕೆ ಹೋಯಿತು. ನಾನು ಅವನ ತೋಳು ಹಿಡಿದೆ. ಅವನು ನನ್ನದನ್ನು ಹಿಡಿದ. ಅಕ್ಕ ಜಗ್ಗಲಿಲ್ಲ. ದಾರ ಅವಳ ಬೆರಳ ನಡುವಿನಿಂದ ಹರಿಯತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಒಂದೇ ಸಮನೆ. ಮೀನು ತುತ್ತು ತೆಗೆದುಕೊಂಡು ತನ್ನ ಪಾಡಿಗೆ ಹೊರಟಿತ್ತು. ಈಗ ನುಂಗುತ್ತದೆ, ಈಗ ಕರುಳಿಗೆ ಇಳಿಯುತ್ತದೆ ಎಂದು ನಾನು ಎಣಿಸುತ್ತಿದ್ದೆ. ದಾರದ ಸುರುಳಿ ಕರಗುತ್ತ ಬಂತು. ಕೊನೆಯ ಸುತ್ತಿಗೆ ಬಂದಾಗ ಅವಳು ಬೆರಳುಗಳನ್ನು ಬಿಗಿ ಮಾಡಿದಳು, ಅಷ್ಟೇ. ದಾರ ಓರೆಗೆ ಬಿಗಿದು ನಿಂತಿತು. ದೂರದಲ್ಲಿ ನೀರು ಸಿಡಿಯಿತು.

ಅವಳು ಸೇದುವ ಬಾವಿಯ ಹಗ್ಗದಂತೆ ಎಳೆದುಕೊಂಡಳು, ಅದು ಜಗ್ಗಿದಾಗ ಬಿಟ್ಟುಕೊಟ್ಟು, ನಿಂತಾಗ ಎಳೆದು. ಮೀನು ಕೆರೆಯ ಮೆಟ್ಟಿಲ ಹತ್ತಿರ ಬಂದಾಗ ಭಾವ ಮಂಡಿಯುದ್ದ ನೀರಿಗಿಳಿದು ಅದನ್ನು ತೋಳಿನಲ್ಲಿ ಎತ್ತಿಕೊಂಡ. ಚಪ್ಪಟೆ ತಲೆ, ಅಗಲವಾದ ಬಾಯಿ. ಗಾಳ ಗಂಟಲಿಗೆ ಹೋಗಿರಲಿಲ್ಲ. ಬಾಯಿಯ ಮೂಲೆಯಲ್ಲಿ, ತುಟಿಯ ಅಂಚಿಗೆ, ಕಿವಿಗೆ ಓಲೆ ಹಾಕಿದ ಹಾಗೆ ತೂಗುತ್ತಿತ್ತು.

"ಕಿವೀಗೆ ಹತ್ತಿ ಇಟ್ಕೊಳಿ," ಎಂದ ಹುಚ್ಚಯ್ಯ, ತನ್ನ ಕಿವಿಗೆ ಆಗಲೇ ತುರುಕಿಕೊಳ್ಳುತ್ತ. ಬಾಯಿ ಬಿಟ್ಟ ಮೀನಿನಿಂದ ಬರುವುದನ್ನು ದನಿ ಕಳೆದುಕೊಂಡವರೇ ಕೇಳಬೇಕು, ಅರ್ಧವಾದ ಮಾತನ್ನು ಅವರು ಆಡಿ ಮುಗಿಸುವವರೆಗೆ ಉಳಿದವರು ಕಿವಿ ಮುಚ್ಚಿಕೊಂಡಿರಬೇಕು. ಮನೆಯಿಂದ ತಂದಿದ್ದ ಹತ್ತಿಯನ್ನು ನಾನೂ ಇಟ್ಟುಕೊಂಡೆ. ಭಾವ ಮೀನನ್ನು ಅಕ್ಕನ ಕೈಗೆ ಕೊಟ್ಟು, ಹತ್ತಿಯ ಮೇಲೆ ಅಂಗೈಗಳನ್ನೂ ಒತ್ತಿಕೊಂಡು, ಆ ಕಡೆ ತಿರುಗಿ ನಿಂತ. ಅವನ ಒದ್ದೆ ಪಂಚೆಯಿಂದ ನೀರು ಇಳಿಯುತ್ತಿತ್ತು.

ಅಕ್ಕ ಗಾಳ ಬಿಡಿಸಿ, ಮೀನಿನ ಬಾಯಿಗೆ ತನ್ನ ಬಾಯಿ ಹತ್ತಿರ ತಂದಳು. ಅವಳ ಗಂಟಲು ಒಂದು ಸಲ ಏರಿ ಇಳಿಯಿತು. ತುಟಿ ಆಡಿತು. ಮಾತು ಸಣ್ಣದೇ ಇತ್ತು. ಮುಗಿದ ಮೇಲೆ ಅವಳು ಮೀನನ್ನು ನೀರಿಗಿಟ್ಟು, ಅದು ಬಾಲ ಬೀಸುವವರೆಗೂ ಹಿಡಿದಿದ್ದು, ಬಿಟ್ಟಳು. ಅದು ನೇರ ತಳಕ್ಕೆ ಹೋಯಿತು.

ನಾವು ಹತ್ತಿ ತೆಗೆದೆವು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನಮ್ಮನ್ನು ನೋಡಿದಳು.

"ಚೆನ್ನಾಗಿ ಮುಚ್ಕೊಂಡ್ರಿ ಇಬ್ರೂ ಕಿವೀನ," ಎಂದಳು.

ಅದೇ ದನಿ. ಎಲ್ಲೂ ಹರಿದಿರಲಿಲ್ಲ. ಹುಚ್ಚಯ್ಯ ಆಕಾಶಕ್ಕೆ ಕೈ ಮುಗಿದ. ಭಾವ ಏನಾದರೂ ಹೇಳಲಿ ಎಂದು ನಾನು ಕಾದೆ. ಅವಳೂ ಕಾದಳು. ತಿಂಗಳಿಡೀ ಮಾತಾಡಿದ್ದವನ ಬಾಯಿ ಈಗ ಕಟ್ಟಿಹೋಗಿತ್ತು. ಏನಂದೆ ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಏರಿಯ ಮೇಲೆ ನಡೆಯತೊಡಗಿದಳು, ಬೇಗವೂ ಅಲ್ಲ, ನಿಧಾನವೂ ಅಲ್ಲ, ಹೊರಟವರು ನಡೆಯುವ ಹಾಗೆ.

ನನಗೆ ಚಿರಪರಿಚಿತವಾದ ಮೌನ ನಮ್ಮ ಮೂವರ ನಡುವೆ ಮತ್ತೆ ಬಂದು ಕೂತಿತು. ಅದರಲ್ಲಿ ಗಾಂಭೀರ್ಯ ಏನೂ ಇರಲಿಲ್ಲ. ಅದು ಅವಳ ಮತ್ತು ನಮ್ಮ ನಡುವೆ ಬೆಳೆಯುತ್ತಿದ್ದ ದಾರಿ ಮಾತ್ರ. ಕೇಳಿ ಭಾವ, ಕೇಳಿ ಎಂದು ನಾನು ಒಳಗೇ ಅಂದುಕೊಂಡೆ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅವಳು ತೂಬಿನ ಕಲ್ಲು ದಾಟಿದಳು.

"ಸುಕನ್ಯಾ!"

ಭಾವ ಕೂಗಿದ್ದ. ಏರಿಯ ಮೇಲೆ, ನೀರಿನ ಅಂಚಿನಲ್ಲಿ ನಿಂತು, ಎದೆಯೊಡೆಯುವ ಹಾಗೆ. "ಸುಕನ್ಯಾ, ಏನಂದೆ?"

ಹುಚ್ಚಯ್ಯ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಒಗೆಯುವ ಕಲ್ಲುಗಳ ಸದ್ದು ನಿಂತುಹೋಯಿತು. ಕೂಗು ಆಚೆ ದಂಡೆಗೆ ತಾಗಿ ಹಿಂದಕ್ಕೆ ಬಂತು. ನಾನು ನೀರನ್ನೇ ನೋಡುತ್ತಿದ್ದೆ. ಜೊಂಡಿನ ಹತ್ತಿರ ಏನೋ ಕದಲಿತು.

ಅಕ್ಕ ತಿರುಗಿ ಓಡಿ ಬಂದಳು. ಭಾವನ ಬಾಯಿಯ ಮೇಲೆ ಕೈ ಇಟ್ಟಳು. "ಹುಚ್ಚ್ ಹಿಡಿದದಾ ನಿಮ್ಗೆ? ಮೆತ್ತಗೆ ಕೇಳಿ, ಕೇಳಿಸ್ತದೆ."

ಅವಳು ಕೈ ತೆಗೆದಳು. ಭಾವ ಬಾಯಿ ತೆರೆದ. ಏನೂ ಬರಲಿಲ್ಲ. ಉಗುಳು ನುಂಗಿ ಇನ್ನೊಮ್ಮೆ ತೆರೆದ.

"ಏನಂದೆ?" ಎಂದ. ಒಣಗಿದ ದನಿ, ಆದರೆ ಅವನದೇ.

"ನೀವು ಹಿಂಗೇ ಮಾತಾಡ್ದೆ ಇದ್ರೆ ನಾನು ಹೊರಟೋಯ್ತೀನಿ ಅಂದೆ."

"ಈಗ?"

"ಈಗ ಮಾತಾಡ್ತಾ ಇದೀರಲ್ಲ." ಅವಳು ಅವನ ಒದ್ದೆ ಪಂಚೆಯ ತುದಿಯನ್ನು ಹಿಂಡಿದಳು. "ನಾಳೆ ಹೆಂಗೆ ಅಂತ ನಾಳೆ ನೋಡ್ತೀನಿ."

ಭಾವ ತಲೆಯಾಡಿಸಿದ. ಆಮೇಲೆ ಅದು ಸಾಲದು ಎಂದು ನೆನಪಾಗಿ, "ಆಗ್ಲಿ," ಎಂದ.

ಅವಳು ನನ್ನ ಕಡೆ ತಿರುಗಿದಳು. "ಏನ್ಲಾ ಯೋಗಿ, ನಿಂಗೆ ಬೇರೆ ಹೇಳ್ಬೇಕಾ?"

ಹೇಳಬೇಕಾದದ್ದು ಬಹಳ ಇತ್ತು. ಎಲ್ಲಿಂದ ಶುರು ಮಾಡುವುದು ಎಂದು ಹುಡುಕುವಷ್ಟರಲ್ಲಿ ಅವಳ ಮುಖದ ಮೇಲೆ ಆ ಹಳೆಯ ಕಾಯುವಿಕೆ ಬರತೊಡಗಿತು. ನಾನು ಬಾಯಿಗೆ ಮೊದಲು ಸಿಕ್ಕಿದ್ದನ್ನೇ ಹಿಡಿದೆ.

"ಹಸಿವಾಗ್ತದೆ ಅಕ್ಕ," ಎಂದೆ.